ಮಂಜಿನ ಮರೆ: ಯೂರಿ ನಾರ್ಸ್ಟೈನ್ ಅವರ ಒಂದು ಕಿರುಚಿತ್ರದಲ್ಲಿ ಶಿಲ್ಪವೂ ವ್ಯಂಜನೆಯೂ

ಅನಿಮೇಷನ್ ಎಂದು ಹೆಸರಾದ ಚಲಿಸುವ ಚಿತ್ರಕಲೆಯ ವಿಷಯದಲ್ಲಿ ವಿದ್ವಾಂಸರಿಗೆ ಎರಡು ಬಗೆಯ ಉದಾಸೀನವುಂಟು. ಅದು ಮಕ್ಕಳ ವಿನೋದಕ್ಕೆಂದು ಹುಟ್ಟಿದುದಾದ ಕಾರಣ ವಿಮರ್ಶೆಗೆ ಅರ್ಹವಲ್ಲವೆಂದು ಕೆಲವರು ಭಾವಿಸುತ್ತಾರೆ. ಅದನ್ನು ಮೆಚ್ಚುವವರಲ್ಲಿಯೂ ಹಲವರು ಕೈಕೆಲಸವನ್ನು ಒಂದು ಕಡೆಯಲ್ಲಿಯೂ ಭಾವವನ್ನು ಇನ್ನೊಂದು ಕಡೆಯಲ್ಲಿಯೂ ಇರಿಸಿ, ಮೊದಲನೆಯದರ ಶ್ರಮವನ್ನು ಹೊಗಳಿ, ಎರಡನೆಯದಕ್ಕೆ ಯಾವುದಾದರೊಂದು ತಾತ್ಪರ್ಯವನ್ನು ಹೊಂದಿಸಿ ತೃಪ್ತರಾಗುತ್ತಾರೆ. ಮೊದಲನೆಯ ಉದಾಸೀನವು ಕಲೆಯನ್ನು ಹೊರಗೆ ನಿಲ್ಲಿಸುತ್ತದೆ. ಎರಡನೆಯದು ಒಳಗೆ ಕರೆದು ಸೀಳಿಬಿಡುತ್ತದೆ. ಹೀಗೆ ಸೀಳಲು ಸಾಧ್ಯವಿಲ್ಲದ ಒಂದು ಕೃತಿಯನ್ನು ಪರಾಮರ್ಶಿಸುವುದು ಇಲ್ಲಿಯ ಉದ್ದೇಶ.

ಆ ಕೃತಿಯು 1975ರಲ್ಲಿ ಮಾಸ್ಕೋದ ಸೊಯುಜ್‌ಮುಲ್ಟ್‌ಫಿಲ್ಮ್ ಚಿತ್ರಶಾಲೆಯಲ್ಲಿ ಸಿದ್ಧವಾದ, ಸುಮಾರು 10 ನಿಮಿಷಗಳ ‘ಮಂಜಿನಲ್ಲಿ ಯೋಜಿಕ್’. ನಿರ್ದೇಶಕರು ಯೂರಿ ನಾರ್ಸ್ಟೈನ್. ಕಥೆ ಸೆರ್ಗೈ ಕೋಜ್ಲೊವ್ ಅವರದು. ಚಿತ್ರಗಳನ್ನು ಬರೆದವರು ನಿರ್ದೇಶಕರ ಪತ್ನಿ ಫ್ರಾಂಚೆಸ್ಕಾ ಯಾರ್ಬುಸೊವಾ. ಸಂಗೀತ ಮಿಖಾಯಿಲ್ ಮೆಯೆರೊವಿಚ್ ಅವರದು. ಯೋಜಿಕ್ ಎಂಬುದು ನಮ್ಮ ನಾಡಿನ ಮುಳ್ಳುಹಂದಿಯಲ್ಲ. ಅದಕ್ಕಿಂತ ಬಹಳ ಚಿಕ್ಕದಾದ, ಮುಳ್ಳುಮೈಯ ಒಂದು ಪ್ರಾಣಿಗೆ ರಷ್ಯನ್ನರು ಮುದ್ದಿನಿಂದ ಕರೆಯುವ ಹೆಸರು.

ಕಥಾವಸ್ತುವು ಅತ್ಯಲ್ಪ. ಪ್ರತಿದಿನ ಸಂಜೆ ಯೋಜಿಕ್ ತನ್ನ ಗೆಳೆಯನಾದ ಕರಡಿಮರಿಯ ಮನೆಗೆ ಹೋಗುತ್ತದೆ. ಇಬ್ಬರೂ ಮರದ ದಿಮ್ಮಿಯ ಮೇಲೆ ಕುಳಿತು ಚಹವನ್ನು ಕುಡಿಯುತ್ತ ನಕ್ಷತ್ರಗಳನ್ನು ಎಣಿಸುತ್ತಾರೆ. ಹೊಗೆಗೂಡಿನ ಬಲಗಡೆಯ ನಕ್ಷತ್ರಗಳು ಕರಡಿಯವು, ಎಡಗಡೆಯವು ಯೋಜಿಕ್‌ನವು. ಹೀಗೆ ಆಕಾಶವೇ ಪಾಲಾಗಿರುವ ಸುಭದ್ರವಾದ ಲೋಕವದು. ಒಂದು ಸಂಜೆ ಹಣ್ಣಿನ ಜಾಮಿನ ಗಂಟನ್ನು ಹಿಡಿದು ಹೊರಟ ಯೋಜಿಕ್ ತಗ್ಗಿನಲ್ಲಿ ಮಂಜಿನ ನಡುವೆ ನಿಂತ ಒಂದು ಬಿಳಿಯ ಕುದುರೆಯನ್ನು ಕಾಣುತ್ತದೆ. ಅದು ಮಲಗಿದರೆ ಮಂಜಿನಲ್ಲಿ ಮುಳುಗಿಬಿಡುವುದೇ ಎಂಬ ಸಂದೇಹವು ಹುಟ್ಟಿ, ತಿಳಿಯುವ ಕುತೂಹಲದಿಂದ ಕೆಳಗಿಳಿಯುತ್ತದೆ. ಮುಂದೆ ನಡೆಯುವುದೆಲ್ಲ ದಾರಿ ತಪ್ಪುವುದು, ಹೆದರುವುದು, ಬೆರಗಾಗುವುದು, ಕೊನೆಗೆ ಪರರ ದಯೆಯಿಂದ ದಡ ಸೇರುವುದು, ಇಷ್ಟೇ.

ಈ ಮಂಜನ್ನು ಮಾಡಿದ ಬಗೆಯನ್ನು ಅರಿತ ಹೊರತು ಅದರ ಅರ್ಥವನ್ನು ಅರಿಯಲಾಗದು. ಪಾತ್ರಗಳು ಕತ್ತರಿಸಿ ಜೋಡಿಸಿದ ಚಪ್ಪಟೆಯ ಚಿತ್ರಖಂಡಗಳು. ಅವನ್ನು ಒಂದರ ಮೇಲೊಂದಾಗಿ ನಿಲ್ಲಿಸಿದ ಗಾಜಿನ ಹಲಗೆಗಳ ಮೇಲಿಟ್ಟು, ಮೇಲಿನಿಂದ ನೋಡುವ ಕ್ಯಾಮೆರಾದಿಂದ ಒಂದೊಂದು ಭಂಗಿಯನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ 10 ನಿಮಿಷಗಳ ಚಿತ್ರಕ್ಕೆ 14,400 ಚೌಕಟ್ಟುಗಳು ಬೇಕು. ಮಂಜಾದರೋ ಒಂದು ತೆಳುವಾದ ಕಾಗದ. ಅದನ್ನು ಚಿತ್ರದ ಮೇಲೆ ಹರಡಿ, ಚೌಕಟ್ಟಿನಿಂದ ಚೌಕಟ್ಟಿಗೆ ಸ್ವಲ್ಪಸ್ವಲ್ಪವಾಗಿ ಕ್ಯಾಮೆರಾದ ಕಡೆಗೆ ಎತ್ತುತ್ತ ಹೋದರೆ ಕೆಳಗಿನ ಆಕೃತಿಯು ಮಸುಕಾಗಿ, ಬಿಳುಪಿನಲ್ಲಿ ಕರಗಿಹೋಗುತ್ತದೆ. ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ತೀರ ಅಪರಿಚಿತವಲ್ಲ: ಪರದೆಗೆ ಒತ್ತಿ ಹಿಡಿದ ಗೊಂಬೆಯು ಸ್ಫುಟವಾಗಿ ಕಾಣುವುದು, ಹಿಂದಕ್ಕೆಳೆದರೆ ಅದರ ಅಂಚುಗಳು ಮಬ್ಬಾಗುವುವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇಲ್ಲಿ ಹೇಳುತ್ತಿಲ್ಲ. ದೂರವೇ ಮಸುಕಿಗೆ ಕಾರಣವೆಂಬ ತತ್ತ್ವವು ಎರಡಕ್ಕೂ ಸಮಾನವೆಂಬುದಷ್ಟೇ ಮಾತು.

ಹಲವು ಪದರಗಳಲ್ಲಿ ಚಿತ್ರವನ್ನು ಒಡ್ಡುವ ಉಪಾಯವು ಹೊಸದಲ್ಲ. ವಾಲ್ಟ್ ಡಿಸ್ನಿಯ ಚಿತ್ರಶಾಲೆಯು 1937ರ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಅದನ್ನು ಸೊಗಸಾಗಿ ಬಳಸಿತ್ತು. ಅಲ್ಲಿ ಪದರಗಳು ನೋಡುವವನನ್ನು ಹಾಳುಬಿದ್ದ ಗಾಳಿಗಿರಣಿಯ ಒಳಗೊಳಗೆ ಕರೆದೊಯ್ದು, ಅಲ್ಲಿರುವುದೆಲ್ಲವನ್ನೂ ತೋರಿಸುತ್ತವೆ. ನಾರ್ಸ್ಟೈನ್ ಅವರಲ್ಲಿ ಅದೇ ಉಪಾಯವು ಮರೆಮಾಡುವುದಕ್ಕೆ ವಿನಿಯೋಗವಾಗಿದೆ. ಡಿಸ್ನಿಯವರ ಆಳವು ಕಣ್ಣಿಗೆ ದೊರೆತ ಸಂಪತ್ತು. ಇಲ್ಲಿಯ ಆಳವು ಕಣ್ಣಿಗೆ ಒದಗಿದ ಬಡತನ. ಈ ಬಡತನದಿಂದಲೇ ಉಳಿದ ಇಂದ್ರಿಯಗಳು ಎಚ್ಚರಗೊಳ್ಳುತ್ತವೆ. ಯೋಜಿಕ್ ಮಹಾವೃಕ್ಷವೊಂದನ್ನು ಕೋಲಿನಿಂದಲೂ ಕೈಯಿಂದಲೂ ಮುಟ್ಟಿ ಅರಿಯುತ್ತದೆ. ಗೆಳೆಯನು ಕೂಗುವ ದನಿಯು ದಿಕ್ಕಿಲ್ಲದೆ ಎಲ್ಲಿಂದಲೋ ಬರುತ್ತದೆ. ಉದುರಿದ ಎಲೆಯ ಅಡಿಯಲ್ಲಿದ್ದ ಬಸವನಹುಳುವೂ ಒಂದು ಮಹಾ ಘಟನೆಯಾಗುತ್ತದೆ.

ಮಂಜೆಂದರೆ ಮರಣ, ಮಂಜೆಂದರೆ ಅಜ್ಞಾನ, ಮಂಜೆಂದರೆ ಸಂಸಾರ ಎಂದು ಅರ್ಥ ಹೇಳುವುದು ಸುಲಭ. ಆದರೆ ಆ ಅರ್ಥಗಳಲ್ಲಿ ಒಂದಾದರೂ ಚಿತ್ರಕ್ಕೆ ಸರಿಯಾಗಿ ಹೊಂದುವುದಿಲ್ಲ. ಅಜ್ಞಾನವಾದರೆ ನಾಯಿಯು ಕಳೆದ ಗಂಟನ್ನು ತಂದುಕೊಡುವುದೇಕೆ? ಮರಣವಾದರೆ ಅದರೊಳಗೆ ಕುದುರೆಯು ಶಾಂತವಾಗಿ ನಿಂತಿರುವುದೇಕೆ? ಆನಂದವರ್ಧನನು ವಾಚ್ಯಾರ್ಥವನ್ನು ದೀಪಶಿಖೆಗೆ ಹೋಲಿಸಿರುವುದನ್ನು ಇಲ್ಲಿ ನೆನೆಯಬೇಕು. ಬೆಳಕನ್ನು ಬಯಸುವವನಿಗೆ ದೀಪದ ಕುಡಿಯಲ್ಲಿ ಆದರವಿರಬೇಕು. ಕುಡಿಯನ್ನು ಆರಿಸಿ ಬೆಳಕನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲ. ಈ ಚಿತ್ರದಲ್ಲಿ ಆ ಕುಡಿಯೇ ಎತ್ತಿ ಇಳಿಸುವ ಕಾಗದ. ಕಾಣುತ್ತಿದ್ದುದು ಕ್ರಮಕ್ರಮವಾಗಿ ಇಲ್ಲವಾಗುವುದು, ಇಲ್ಲವಾದುದು ಮತ್ತೆ ಮೂಡುವುದು: ಈ ಕ್ರಿಯೆಯಿಂದಲೇ ಭಯವು ಅದ್ಭುತದಲ್ಲಿ ಪರ್ಯವಸಾನ ಹೊಂದುತ್ತದೆ. ಪದ್ಯದ ಛಂದಸ್ಸನ್ನು ಬಿಟ್ಟು ಸಾರಾಂಶವನ್ನು ಬರೆಯಿಸುವ ತರಗತಿಯಲ್ಲಿ ಕಾವ್ಯಕ್ಕೆ ಆಗುವ ಅನ್ಯಾಯವೇ, ಕಾಗದವನ್ನು ಮರೆತು ಮಂಜಿಗೆ ತಾತ್ಪರ್ಯ ಹೇಳುವವರಿಂದ ಈ ಚಿತ್ರಕ್ಕೂ ಆಗುತ್ತದೆ.

ಯೋಜಿಕ್ ಬಿದ್ದು ತೇಲುವ ನದಿಯ ವಿಷಯದಲ್ಲಿ ಒಂದು ಆಕ್ಷೇಪವು ಬರಬಹುದು. ಅಲ್ಲಿಯ ನೀರು ಬರೆದುದಲ್ಲ, ನಿಜವಾದ ನೀರು. ಚಿತ್ರದೊಡನೆ ಸಹಜ ವಸ್ತುವನ್ನು ಬೆರೆಸಿದುದು ರೀತಿಭಂಗವಲ್ಲವೇ? ಅಲ್ಲವೆಂದೇ ಹೇಳಬೇಕು. ಪ್ರಯತ್ನವನ್ನೆಲ್ಲ ಬಿಟ್ಟು, ನದಿಯೇ ತನ್ನನ್ನು ಒಯ್ಯಲೆಂದು ಯೋಜಿಕ್ ಶರಣಾಗುವ ಕ್ಷಣವದು. ಅದುವರೆಗೆ ಕೈಯಿಂದ ಚಲಿಸಿದ ಲೋಕದಲ್ಲಿ ಈಗ ಕೈಯ ಹಿಡಿತಕ್ಕೆ ಸಿಕ್ಕದ ಒಂದು ಚಲನೆಯು ಪ್ರವೇಶಿಸುತ್ತದೆ. ರೀತಿಯು ಮುರಿದುದು ಭಾವಕ್ಕೆ ಅನುಗುಣವಾಗಿಯೇ.

ದೋಷವು ಇಲ್ಲವೆಂದಲ್ಲ. ಯೋಜಿಕ್ ಮಂಜಿನೊಳಕ್ಕೆ ಇಳಿಯುತ್ತಿರುವುದನ್ನು ಕಣ್ಣು ಕಾಣುತ್ತಿರುವಾಗಲೇ ಹಿನ್ನೆಲೆಯ ದನಿಯು ಅದನ್ನು ಹೇಳಿಬಿಡುತ್ತದೆ. ಕುದುರೆಯ ವಿಚಾರವಾದ ಸಂದೇಹವನ್ನು ಮಾತಿಲ್ಲದೆ ತಿಳಿಸಲಾಗದು. ನಡೆಯನ್ನು ಹೇಳುವ ಅಗತ್ಯವಿರಲಿಲ್ಲ. ಇಷ್ಟು ನಂಬಿಕೆಯಿಂದ ಮರೆಮಾಡಬಲ್ಲ ಶಿಲ್ಪಿಯು ಅಲ್ಲಿ ಮಾತ್ರ ಪ್ರೇಕ್ಷಕನನ್ನು ಪೂರ್ಣವಾಗಿ ನಂಬಲಿಲ್ಲ.

ಉಪಸಂಹಾರದಲ್ಲಿ ಆ ನಂಬಿಕೆಯು ಮರಳಿ ಬಂದಿದೆ. ಕರಡಿಮರಿಯು ಆತಂಕವನ್ನು ನೀಗಿಕೊಳ್ಳುತ್ತ ಒಂದೇ ಸಮನೆ ಮಾತನಾಡುತ್ತದೆ. ನಕ್ಷತ್ರಗಳು ಹಿಂದಿನಂತೆಯೇ ಇವೆ. ಯೋಜಿಕ್ ಮಾತ್ರ ಮೌನವಾಗಿ, ಮಂಜಿನಲ್ಲಿ ಉಳಿದ ಕುದುರೆಯು ಹೇಗಿರುವುದೋ ಎಂದು ಚಿಂತಿಸುತ್ತದೆ. ಆಕಾಶವನ್ನು ಪಾಲು ಮಾಡಿಕೊಂಡಿದ್ದ ಜೀವಕ್ಕೆ ತನ್ನ ಪಾಲಿನಲ್ಲಿ ಇಲ್ಲದ ಒಂದು ಜೀವದ ಯೋಗಕ್ಷೇಮವು ಮನಸ್ಸಿಗೆ ಬಂದಿತು. ಕುದುರೆ ಏನೆಂಬುದನ್ನು ಚಿತ್ರವು ವಿವರಿಸದೆ ಬಿಟ್ಟಿದೆ. ಅದನ್ನು ವಿಮರ್ಶಕನೂ ವಿವರಿಸದೆ ಬಿಟ್ಟು, ಅದು ಹೇಗೆ ಕಾಣಿಸಿತು, ಹೇಗೆ ಮರೆಯಾಯಿತು ಎಂಬುದರ ಕಡೆಗೆ ಓದುಗರ ದೃಷ್ಟಿಯನ್ನು ತಿರುಗಿಸುವುದೇ ಉಚಿತವಾದ ಮಾರ್ಗ.