ಹಲ್ಲು ಕಿತ್ತ ದೆವ್ವಗಳು

ಅಕ್ಟೋಬರ್ ಮುಗಿಯುವ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಅಮೆರಿಕದಿಂದ ಬರುವ ಮೊಮ್ಮಕ್ಕಳ ಫೋಟೊಗಳಲ್ಲೂ ಹ್ಯಾಲೋವೀನ್ ತಲೆ ಹಾಕುತ್ತದೆ. ಹಿಂದೆಯೇ ಮಕ್ಕಳನ್ನು ‘ಸ್ವಲ್ಪವೇ’ ಹೆದರಿಸುವ ಚಿತ್ರಪುಸ್ತಕಗಳೂ ಬರುತ್ತವೆ. ಪಾರ್ಸೆಲ್ ಈಗ ಕೊಪ್ಪ ತಾಲ್ಲೂಕಿನ ನಮ್ಮ ಹರಿಹರಪುರದವರೆಗೂ ಮುಟ್ಟುತ್ತದೆ. ಕೊಳ್ಳುವವರ ಲೆಕ್ಕ ಸರಳ. ಮಗು ಸಣ್ಣದಾದರೆ ದೆವ್ವ ದುಂಡಗಿರಬೇಕು, ನಗುತ್ತಿರಬೇಕು. ವಯಸ್ಸು ಏರಿದ ಹಾಗೆ ಒಂದೊಂದೇ ಹಲ್ಲು, ಉಗುರು ಬರಬಹುದು. ಪುಸ್ತಕದ ಹಿಂಬದಿಯಲ್ಲಿ ‘3ರಿಂದ 5’, ‘6ರಿಂದ 8’ ಎಂದು ಅಚ್ಚಾಗಿರುವುದೂ ಇದೇ ಲೆಕ್ಕ, ಸಾರಿಗೆ ಖಾರ ಹಾಕುವಾಗಿನ ಲೆಕ್ಕ. ಇದು ಬುಡದಲ್ಲೇ ತಪ್ಪು ಅನ್ನುವುದು ನನ್ನ ವಾದ.

ಹರಿಹರಪುರವನ್ನೇ ನೋಡಿ. ತುಂಗೆಯ ದಡದ ಇಲ್ಲಿನ ಮಠದಲ್ಲಿ ಶಾರದೆಯ ಜೊತೆ ಪೂಜೆಗೊಳ್ಳುವವನು ಲಕ್ಷ್ಮೀನರಸಿಂಹ. ಈ ಊರಿನ ಮಗು ಸರಿಯಾಗಿ ಮಾತು ಕಲಿಯುವ ಮೊದಲೇ ಪ್ರಹ್ಲಾದನ ಕತೆ ಕೇಳಿರುತ್ತದೆ. ಕಂಬ ಸೀಳುತ್ತದೆ, ಸಿಂಹದ ಮುಖ ಹೊರಬರುತ್ತದೆ, ಹೊಸ್ತಿಲ ಮೇಲೆ ಹಿರಣ್ಯಕಶಿಪುವಿನ ಹೊಟ್ಟೆ ಸೀಳಿಹೋಗುತ್ತದೆ, ಕರುಳು ಕೊರಳಿಗೆ ಮಾಲೆಯಾಗುತ್ತದೆ. ಹ್ಯಾಲೋವೀನಿನ ಯಾವ ಪುಸ್ತಕವೂ ಈ ಮಟ್ಟಕ್ಕೆ ಹೋಗಲಾರದು. ಆದರೂ ಯಾವ ಅಜ್ಜಿಯೂ ಮಗುವಿನ ವಯಸ್ಸು ಕೇಳಿ ಕತೆ ಶುರುಮಾಡಿದ್ದಿಲ್ಲ, ಮಗು ‘ಇನ್ನೊಂದ್ಸಲ ಹೇಳು’ ಅನ್ನುವುದೂ ತಪ್ಪಿಲ್ಲ.

ಭಕ್ತಿಯ ಹೊದಿಕೆ ಇದೆಯಲ್ಲ, ಅದಕ್ಕೆ ಭಯವಾಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅಷ್ಟು ಸಲೀಸಲ್ಲ. ಕತೆಯ ಕೊನೆ ನೆನಪು ಮಾಡಿಕೊಳ್ಳಿ: ಹಿರಣ್ಯಕಶಿಪು ಸತ್ತ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ. ದೇವತೆಗಳು ದೂರದಲ್ಲೇ ನಿಂತರು, ಲಕ್ಷ್ಮಿಗೂ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹೋದವನು ಪುಟ್ಟ ಪ್ರಹ್ಲಾದ. ಅವನ ತಲೆಯ ಮೇಲೆ ಕೈಯಿಟ್ಟ ಮೇಲೆಯೇ ಆ ಉಗ್ರರೂಪ ತಣ್ಣಗಾದದ್ದು. ಆ ಭಯಂಕರ ರೂಪ ಮಗುವಿನ ಪಕ್ಷದ್ದು, ಅದನ್ನು ಸಮಾಧಾನ ಮಾಡುವ ಸಾಮರ್ಥ್ಯವೂ ಮಗುವಿನದೇ. ಕೇಳುವ ಮಗುವಿಗೆ ಬೇಕಾದದ್ದು ಈ ಎರಡು. ಕರುಳಿನ ಉದ್ದ ಎಷ್ಟಾದರೂ ಇರಲಿ.

ಇದರ ತಿರುವುಮುರುವೂ ನಮ್ಮಲ್ಲೇ ಇದೆ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣ, ಗುಮ್ಮನನ್ನು ಕರೆಯಬೇಡವೆಂದು ಯಶೋದೆಗೆ ಗೋಗರೆಯುತ್ತಾನೆ. ಅಳುವುದಿಲ್ಲ, ಸುಮ್ಮನೆ ಊಟ ಮಾಡುತ್ತೇನೆ ಎಂದು ಒಪ್ಪಂದಕ್ಕೆ ಬರುತ್ತಾನೆ. ಎಷ್ಟು ಮುದ್ದಾಗಿ ಹಾಡುತ್ತೇವೆ ಅದನ್ನು! ಅಲ್ಲಿ ಗುಮ್ಮ ಕಾಣಿಸಿಕೊಳ್ಳುವುದೇ ಇಲ್ಲ. ಆದರೆ ಅಮ್ಮ ಗುಮ್ಮನ ಕಡೆ ಸೇರಿದ್ದಾಳೆ, ಅಷ್ಟು ಸಾಕು. ಊಟ ಮಾಡಿಸಲು ಗುಮ್ಮನನ್ನು ಕರೆಯುವ ಮನೆಯವರೇ ಹಲ್ಲಿರುವ ದೆವ್ವದ ಪುಸ್ತಕ ಕಂಡು ‘ಮಗು ಹೆದರಿಕೊಳ್ಳುತ್ತೆ’ ಎಂದು ಪಕ್ಕಕ್ಕಿಡುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಅಮೆರಿಕದಲ್ಲೂ ಈ ಜಗಳ ಆಗಿಹೋಗಿದೆ. ಮಾರಿಸ್ ಸೆಂಡಾಕ್ 1963ರಲ್ಲಿ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಮಾಡಿದಾಗ, ಮಕ್ಕಳು ಅದರ ರಾಕ್ಷಸರ ಕೋರೆಹಲ್ಲುಗಳನ್ನು ಕಂಡು ಕಿಟಾರನೆ ಕಿರುಚುತ್ತಾರೆಂದು ದೊಡ್ಡವರು ಅಂದರು. ಮನೋವಿಜ್ಞಾನಿ ಬ್ರೂನೊ ಬೆಟ್ಟಲ್‌ಹೈಮ್ ಆಕ್ಷೇಪಿಸಿದ್ದು ಪುಸ್ತಕವನ್ನು ಕಣ್ಣಿಂದ ನೋಡದೆ. ಆದರೂ ಅವರ ಒಂದು ಮಾತಿನಲ್ಲಿ ಹುರುಳಿತ್ತು: ಕತೆಯಲ್ಲಿ ಭಯಪಡಬೇಕಾದದ್ದು ರಾಕ್ಷಸರಿಗಲ್ಲ, ಅಮ್ಮ ಊಟ ಕೊಡದೆ ಮಲಗಲು ಕಳಿಸಿದ್ದಕ್ಕೆ. ಅವರು ಕಾಣದೆ ಹೋದದ್ದು ಕೊನೆಯ ಪುಟ. ರಾಕ್ಷಸರಿಗೆ ರಾಜನಾಗಿ ಮೆರೆದು ಕತೆಯ ಹುಡುಗ ಮ್ಯಾಕ್ಸ್ ಹಿಂದಿರುಗಿದರೆ ಕೋಣೆಯಲ್ಲಿ ಊಟ ಕಾದಿದೆ, ಇನ್ನೂ ಬಿಸಿಯಾಗಿದೆ.

ಹಾಗಾದರೆ ವಯಸ್ಸಿಗೆ ಏನೂ ಬೆಲೆಯಿಲ್ಲವೇ? ಇದೆ. ಅಳೆಯಬೇಕಾದದ್ದು ಮಾತ್ರ ಬೇರೆ. ಮೂರು ವರ್ಷದ ಮಗುವಿಗೆ ದೆವ್ವವನ್ನು ಓಡಿಸುವ ಅಧಿಕಾರ ತನ್ನ ಕೈಯಲ್ಲೇ ಇರಬೇಕು. ಎಡ್ ಎಂಬರ್ಲಿಯ ‘ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್!’ (1992) ಪುಟಗಳಲ್ಲಿ ತೂತುಗಳಿವೆ. ಪುಟ ತಿರುಗಿಸುತ್ತ ಹೋದರೆ ಕಣ್ಣು, ಮೂಗು, ಹಲ್ಲು ಸೇರಿ ರಾಕ್ಷಸ ತಯಾರಾಗುತ್ತಾನೆ, ಮುಂದಿನ ಪುಟಗಳಲ್ಲಿ ಒಂದೊಂದಾಗಿ ಕಳಚಿಹೋಗುತ್ತಾನೆ. ಹಲ್ಲು ಚೂಪಾಗಿಯೇ ಇದೆ, ಮಗುವಿಗೆ ಅದರ ಚಿಂತೆಯಿಲ್ಲ. ಐದಾರಕ್ಕೆ ಓಡಿಸುವುದರಲ್ಲಿ ಸ್ವಾರಸ್ಯ ಕಡಿಮೆ, ಬುದ್ಧಿ ಉಪಯೋಗಿಸಿ ಮೋಸ ಮಾಡಬೇಕು. ‘ದ ಗ್ರಫಲೊ’ದ (1999) ಇಲಿ ಮಾಡುವುದು ಅದನ್ನೇ. ಎಂಟು ದಾಟಿದವರಿಗೆ ಉತ್ತರ ಸಿಗದ ಕತೆಯೂ ನಡೆಯುತ್ತದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಬಾಗಿಲುಗಳ ಮೇಲೆ ಬರೆದ ‘ನಾಳೆ ಬಾ’ ಇವರಿಗೆ ಹೇಳಿ ಮಾಡಿಸಿದ ವಸ್ತು. ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಕಲಿತ ದೆವ್ವ! ಚಿತ್ರ ಬರೆಯುವವರಿಗೆ ಇದಕ್ಕಿಂತ ಏನು ಬೇಕು?

ಭಯದ ಪಟ್ಟಿಗೆ ಸೇರದ ಪುಸ್ತಕಗಳ ಕಡೆಗೇ ನನಗೆ ಹೆಚ್ಚು ಎಚ್ಚರ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬ್ರೌನಿಂಗ್‌ನಿಂದ ಪ್ರೇರಣೆ ಪಡೆದು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಇಲಿಗಳ ಗಲಾಟೆಗೆ ನಗುತ್ತಿದ್ದ ಮಕ್ಕಳು, ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿಬಿಟ್ಟಾಗ ಒಮ್ಮೆಲೇ ಮೌನವಾಗುತ್ತಾರೆ. ಗೋವಿನ ಹಾಡಿನಲ್ಲಿ ಅಮ್ಮ ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೊರಡುತ್ತಾಳೆ. ಎರಡರಲ್ಲೂ ದೆವ್ವವಿಲ್ಲ, ಇರುವುದು ಅಗಲಿಕೆ. ಇವನ್ನು ಓದಬೇಡಿ ಅನ್ನುತ್ತಿಲ್ಲ. ಮಗುವನ್ನು ಒಂಟಿಯಾಗಿ ಓದಲು ಕೂರಿಸಿ ಅಡುಗೆಮನೆಗೆ ಹೋಗಬೇಡಿ ಅಷ್ಟೆ.

ದೆವ್ವದ ಪುಸ್ತಕಗಳು ಮೂಢನಂಬಿಕೆ ಬೆಳೆಸುತ್ತವೆ ಎಂಬ ಆಕ್ಷೇಪವೂ ಇದೆ. ದೊಡ್ಡವರು ಸ್ವರ ತಗ್ಗಿಸಿ ಪಿಸುಗುಟ್ಟುವುದರಿಂದ ಅದು ಬೆಳೆಯುತ್ತದೆ, ಬಣ್ಣ ಬಳಿದ ಚಿತ್ರದಿಂದಲ್ಲ. ನನ್ನ ತಕರಾರು ಇರುವುದು ‘ಕತ್ತಲೆಯಲ್ಲಿ ಏನೂ ಇಲ್ಲ’ ಎಂದು ಸಮಾಧಾನ ಹೇಳುವ ಪುಸ್ತಕಗಳ ಮೇಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟದ ಕತ್ತಲೆಯಲ್ಲಿ ಕಾಳಿಂಗವಿರುತ್ತದೆ, ಈಚೆಗೆ ಆನೆಯೂ ಬರುತ್ತದೆ. ಏನೂ ಇಲ್ಲವೆಂಬ ಸುಳ್ಳನ್ನು ಇಲ್ಲಿನ ಮಗು ಒಂದು ಗಳಿಗೆಯೂ ನಂಬುವುದಿಲ್ಲ. ಲೆಮೊನಿ ಸ್ನಿಕೆಟ್ ಮತ್ತು ಜಾನ್ ಕ್ಲಾಸನ್‌ರ ‘ದ ಡಾರ್ಕ್’ (2013) ಇದಕ್ಕೇ ಇಷ್ಟವಾಗುತ್ತದೆ. ಅಲ್ಲಿ ಕತ್ತಲೆಯೇ ಹುಡುಗನನ್ನು ನೆಲಮಾಳಿಗೆಗೆ ಕರೆದೊಯ್ದು, ಬಲ್ಬ್ ಎಲ್ಲಿದೆಯೆಂದು ತೋರಿಸಿಕೊಡುತ್ತದೆ. ಕತ್ತಲೆ ಇದೆ ಎಂದು ಒಪ್ಪಿಕೊಂಡ ಮೇಲೇ ಬೆಳಕಿನ ಮಾತು.

ಕೊಳ್ಳುವಾಗ ಹಿಂಬದಿಯ ಅಂಕಿ ಬಿಟ್ಟು ಕೊನೆಯ ಎರಡು ಪುಟ ನೋಡಿ: ಮಗು ಎಲ್ಲಿ ನಿಂತಿದೆ, ಅದರ ಕೈಯಲ್ಲಿ ಏನಿದೆ. ಮಿಕ್ಕ ಪರೀಕ್ಷೆ ಮರುದಿನ ರಾತ್ರಿಯದು. ಅದೇ ಪುಸ್ತಕವನ್ನು ತಂದು ಮಡಿಲಲ್ಲಿಟ್ಟರೆ ಆಯ್ಕೆ ಸರಿ. ಮಂಚದ ಕೆಳಗೆ ತಳ್ಳಿದ್ದರೆ ಆರು ತಿಂಗಳು ಅಟ್ಟಕ್ಕಿಟ್ಟುಬಿಡಿ, ಅಂಗಡಿಯವರ ಲೇಬಲ್ ಏನೇ ಹೇಳಲಿ.