ಅಂಕಿ ಮತ್ತು ಅಂಕಿತ: ‘ಗೋಲ್ಡ್‌ಫಿಂಗರ್’ ಚಿತ್ರದ ಆಕರ್ಷಣೆಯನ್ನು ಕುರಿತು

ಇಯಾನ್ ಫ್ಲೆಮಿಂಗ್ ಅವರ 1959ರ ಕಾದಂಬರಿಯನ್ನು ಆಧರಿಸಿ ಗೈ ಹ್ಯಾಮಿಲ್ಟನ್ ನಿರ್ದೇಶಿಸಿದ ‘ಗೋಲ್ಡ್‌ಫಿಂಗರ್’ (1964) ಜೇಮ್ಸ್ ಬಾಂಡ್ ಸರಣಿಯ ಮೂರನೆಯ ಚಿತ್ರ. ಗೂಢಚಾರ ಸಾಹಸಚಿತ್ರಗಳಿಗೆ ಅದು ಮಾದರಿಯೆನಿಸಿದೆ. ಶಾನ್ ಕಾನರಿಯ ಅಭಿನಯ, ಕೆನ್ ಆಡಮ್‌ರ ರಂಗಸಜ್ಜಿಕೆ, ಜಾನ್ ಬ್ಯಾರಿಯವರ ಸಂಗೀತ, ಆಯುಧಗಳನ್ನು ಅಡಗಿಸಿಕೊಂಡ ಆಸ್ಟನ್ ಮಾರ್ಟಿನ್ ಕಾರು ಇವನ್ನು ಅದರ ಆಕರ್ಷಣೆಗೆ ಕಾರಣಗಳೆಂದು ಹೇಳುವುದು ವಾಡಿಕೆ. ಇವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವು ಅಲಂಕಾರಗಳು. ಆಕರ್ಷಣೆಯ ಮೂಲವನ್ನು ಕಥನದ ಬಂಧದಲ್ಲಿಯೇ ಅರಸಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರತಿನಾಯಕನ ಸಂಚು ಅಮೆರಿಕದ ಫೋರ್ಟ್ ನಾಕ್ಸ್‌ನಲ್ಲಿರುವ ಚಿನ್ನವನ್ನು ಕದಿಯುವುದಲ್ಲ. ಅಣ್ವಸ್ತ್ರದ ವಿಕಿರಣದಿಂದ ಅದನ್ನು ಮುಟ್ಟಲಾಗದಂತೆ ಮಾಡಿ, ತನ್ನಲ್ಲಿರುವ ಚಿನ್ನದ ಬೆಲೆಯನ್ನು ಏರಿಸಿಕೊಳ್ಳುವುದು. ಇದನ್ನು ತಡೆಯುವಲ್ಲಿ ನಾಯಕನ ಪಾಲೆಷ್ಟು? ಉತ್ತರಾರ್ಧದ ಬಹುಭಾಗದಲ್ಲಿ ಅವನು ಸೆರೆಯಾಳು. ಹೊರಗೆ ಕಳುಹಿಸಲೆತ್ನಿಸಿದ ಸಂದೇಶ, ನಜ್ಜುಗುಜ್ಜಾದ ಕಾರಿನೊಂದಿಗೆ ನಾಶವಾಗುತ್ತದೆ. ವಿಷಾನಿಲವನ್ನು ಬದಲಿಸಿ ವಾಷಿಂಗ್ಟನ್ನಿಗೆ ಸುದ್ದಿ ಮುಟ್ಟಿಸುವವಳು ವಿಮಾನಚಾಲಕಿ ಪುಸಿ ಗಲೋರ್. ಆಡ್‌ಜಾಬ್‌ನನ್ನು ಕೊಲ್ಲುವವನು ಬಾಂಡ್ ನಿಜ. ಆದರೆ ಬಾಂಬಿನ ಮುಂದೆ ಅವನು ತಂತಿಗಳನ್ನು ಹಿಡಿದು ತಡಕಾಡುತ್ತಿರುವಾಗ, ಹೆಸರಿಲ್ಲದ ತಜ್ಞನೊಬ್ಬನು ಕೈಚಾಚಿ ಅದನ್ನು ನಿಲ್ಲಿಸುತ್ತಾನೆ.

ಆಗ ಗಣಕದ ಮೇಲೆ ನಿಂತ ಅಂಕಿ 007. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರು ಇಲ್ಲೊಂದು ಪಾಠಾಂತರವನ್ನು ಗಮನಿಸಬೇಕು. ಮೊದಲಿನ ಪಾಠ 003. ಅಂಕಿಯನ್ನು ಆಮೇಲೆ ತಿದ್ದಲಾಯಿತು. ಇನ್ನು ಮೂರೇ ಎಣಿಕೆ ಉಳಿದಿತ್ತೆಂಬ ಅರ್ಥದ ಮಾತು ಮಾತ್ರ ಬಾಂಡ್‌ನ ಬಾಯಲ್ಲಿ ಹಾಗೆಯೇ ಉಳಿದುಕೊಂಡಿದೆ. ಓಲೆಗರಿಯಲ್ಲಿ ಲಿಪಿಕಾರನ ತಿದ್ದುಪಡಿ ಸಿಕ್ಕಿಬೀಳುವುದೂ ಹೀಗೆಯೇ.

ಈ ಅಂಕಿಯನ್ನು ನಾವು ಅಂಕಿತವೆಂದು ಓದುತ್ತೇವೆ. ವಚನಕಾರರು ತಮ್ಮ ಅನುಭವದ ಮಾತನ್ನು ಇಷ್ಟದೈವದ ಹೆಸರಿಗೆ ಒಪ್ಪಿಸಿದರು. ಅದು ತನ್ನನ್ನು ಹಿಂದೆ ಸರಿಸಿಕೊಳ್ಳುವ ಕ್ರಮ. ಇಲ್ಲಿ ಆಗಿರುವುದು ತದ್ವಿರುದ್ಧ. ಇತರರ ಕಾರ್ಯದ ಕೊನೆಗೆ ನಾಯಕನ ಮುದ್ರೆ ಬೀಳುತ್ತದೆ. 1962ರ ಕ್ಯೂಬಾ ಬಿಕ್ಕಟ್ಟು ಕಳೆದು ಎರಡೇ ವರ್ಷಗಳಾಗಿದ್ದಾಗ, ಯಂತ್ರ, ಇಲಾಖೆ, ಅಣ್ವಸ್ತ್ರಗಳ ನಡುವೆಯೂ ಫಲಿತಾಂಶದ ಮೇಲೆ ಒಬ್ಬ ವ್ಯಕ್ತಿಯ ಗುರುತು ಉಳಿಯುತ್ತದೆಂಬ ಭರವಸೆಯನ್ನು ಪ್ರೇಕ್ಷಕನಿಗೆ ಈ ಚಿತ್ರ ನೀಡಿತು. ಅದರ ಆಕರ್ಷಣೆಯ ತಿರುಳು ಇದೇ.

ಈ ಭರವಸೆಗೆ ತೆತ್ತ ಬೆಲೆಯನ್ನು ವಿಮರ್ಶೆ ಮರೆಯಬಾರದು. ಮಾಸ್ಟರ್‌ಸನ್ ಸೋದರಿಯರಿಬ್ಬರೂ ಸಾಯುತ್ತಾರೆ. ಕಥೆ ಅವರಿಗಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪುಸಿ ಗಲೋರಳ ಮನಃಪರಿವರ್ತನೆಗೆ ಕೊಟ್ಟಿರುವ ಕಾರಣ ಕೊಟ್ಟಿಗೆಯಲ್ಲಿ ನಾಯಕ ನಡೆಸುವ ಬಲಾತ್ಕಾರ; ಚಿತ್ರ ಅದನ್ನು ಶೃಂಗಾರವೆಂದು ತೋರಿಸುತ್ತದೆ. ಶೃಂಗಾರಾಭಾಸವೆಂಬ ಶಾಸ್ತ್ರೀಯ ಪದ ನಮ್ಮಲ್ಲಿರುವಾಗ ಅದನ್ನಿಲ್ಲಿ ಬಳಸಲು ಹಿಂಜರಿಯಬೇಕಿಲ್ಲ. ಅತ್ಯಂತ ನಿರ್ಣಾಯಕ ಕೆಲಸ ಮಾಡಿದವಳ ಕರ್ತೃತ್ವವೇ ಇಲ್ಲಿ ಮೊದಲು ಅಪಹೃತವಾಗಿದೆ.

ದೊರೈ-ಭಗವಾನ್ ನಿರ್ದೇಶನದ ‘ಜೇಡರ ಬಲೆ’ (1968) ಈ ಮಾದರಿಯನ್ನು ಕನ್ನಡಕ್ಕೆ ತಂದಾಗ ರಾಜಕುಮಾರ್ ಸಿ.ಐ.ಡಿ. 999 ಆದರು. ಅಂಕಿ ಬದಲಾಯಿತು, ಅಂಕಿತದ ಪದ್ಧತಿ ಉಳಿಯಿತು. ಅಲ್ಲಿ ಯಾರ ಕೆಲಸ ಯಾರ ಮುದ್ರೆಯನ್ನು ಹೊತ್ತಿದೆ ಎಂಬುದನ್ನು ದೃಶ್ಯದಿಂದ ದೃಶ್ಯಕ್ಕೆ ಪರಿಶೀಲಿಸುವ ಕಾರ್ಯವನ್ನು ಕಿರಿಯ ಸಂಶೋಧಕರು ಕೈಗೊಳ್ಳಬೇಕೆಂದು ನಾವು ಆಶಿಸುತ್ತೇವೆ.