ಮೂಲೆ ದಾಟಿದ ಏಣಿ

2021ರಲ್ಲಿ ಅಮೆರಿಕದ ವ್ಯೋಮಿಂಗ್‌ನ ಎಲ್ಕ್ ಪರ್ವತಕ್ಕೆ ಶಿಕಾರಿಗೆ ಹೋದ ಮಿಸೌರಿಯ ನಾಲ್ವರು ತಮ್ಮ ಜೊತೆ ಉಕ್ಕಿನ ಏಣಿಯೊಂದನ್ನು ಒಯ್ದಿದ್ದರು. ಮರ ಹತ್ತಲಿಕ್ಕಲ್ಲ, ಒಂದು ಬಾಂದಿನ ಮೂಲೆ ದಾಟಲಿಕ್ಕೆ. ಅಲ್ಲಿ ಖಾಸಗಿ ಜಮೀನಿನವರು ಎರಡು ಕಂಬ ನೆಟ್ಟು, ನಡುವೆ ಸರಪಳಿ ಬಿಗಿದು, ‘ಪ್ರವೇಶವಿಲ್ಲ’ ಎಂದು ಫಲಕ ಹಾಕಿದ್ದರು. ಹಿಂದಿನ ವರ್ಷ ಇವರಲ್ಲಿ ಮೂವರು ಬಂದಾಗ ಆ ಕಂಬವನ್ನೇ ಹಿಡಿದು ಆಚೆ ದಾಟಿದ್ದುಂಟು. ಈ ಸಲ ಕಂಬಕ್ಕೂ ಕೈ ತಾಗಬಾರದು, ಮಣ್ಣಿಗೂ ಕಾಲು ತಾಗಬಾರದು. ಎರಡೂ ಕಡೆ ಸರ್ಕಾರಿ ನೆಲದಲ್ಲೇ ಕಾಲೂರುವಂತೆ ಏಣಿ ನಿಲ್ಲಿಸಿ, ಹತ್ತಿ ಇಳಿದರು.

ಈ ಕಸರತ್ತಿನ ಮೂಲ ರೈಲಿನಲ್ಲಿದೆ. ಹಳಿ ಹಾಕಿಸಲು 1862ರಿಂದ ಸರ್ಕಾರ ರೈಲ್ವೆ ಕಂಪನಿಗಳಿಗೆ ಜಮೀನು ಕೊಟ್ಟಿತು. ಒಂದೊಂದು ಚದರ ಮೈಲಿಯ ತುಂಡು, ಒಂದು ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ. ಥೇಟ್ ಚದುರಂಗದ ಹಾಸು. ಒಂಟೆಯ ಹಾಗೆ ಮೂಲೆಯಿಂದ ಮೂಲೆಗೆ ನಡೆದರೆ ಮಾತ್ರ ಸರ್ಕಾರಿ ಮನೆ ಬಿಟ್ಟು ಕದಲಬೇಕಿಲ್ಲ. ಆದರೆ ಮೂಲೆಯೆಂಬುದು ಬರೀ ಬಿಂದು; ಮನುಷ್ಯನಿಗೆ ಹೆಗಲಿದೆ, ಬೆನ್ನಿಗೆ ಚೀಲವಿದೆ. ಅವು ಪಕ್ಕದವರ ಗಾಳಿಯಲ್ಲಿ ಹಾಯಲೇಬೇಕು.

ಅತಿಕ್ರಮ ಪ್ರವೇಶದ ಕ್ರಿಮಿನಲ್ ಕೇಸಿನಲ್ಲಿ 2022ರಲ್ಲಿ ಜ್ಯೂರಿ ನಾಲ್ವರನ್ನೂ ಬಿಟ್ಟಿತು. ಆ ಹೊತ್ತಿಗೆ ಸಿವಿಲ್ ದಾವೆಯೂ ಬಿದ್ದಿತ್ತು. ಹೀಗೆ ದಾಟಲು ಬಿಟ್ಟರೆ ಜಮೀನಿನ ಬೆಲೆ ಕುಸಿಯುತ್ತದೆ, ನಷ್ಟ 70 ಲಕ್ಷ ಡಾಲರಿಗೂ ಮಿಕ್ಕೀತು ಎಂಬುದು ಮಾಲೀಕರ ಲೆಕ್ಕ.

ಇಡೀ ವ್ಯಾಜ್ಯದಲ್ಲಿ ನನಗೆ ರುಚಿಸಿದ್ದು ಈ ಲೆಕ್ಕವೇ. ಅವರ ಹುಲ್ಲು ತುಳಿದವರಿಲ್ಲ, ಬೇಲಿ ಕಿತ್ತವರಿಲ್ಲ. ಹಾಗಾದರೆ ಕುಸಿದದ್ದು ಯಾವುದರ ಬೆಲೆ? ನಡುವೆ ಸಿಕ್ಕಿಕೊಂಡಿದ್ದ ಸಾವಿರಾರು ಎಕರೆ ಸಾರ್ವಜನಿಕ ನೆಲಕ್ಕೆ ಬೇರೆ ಯಾರೂ ಕಾಲಿಡರು ಎಂಬ ಭರವಸೆಯದ್ದು. ಕ್ರಯಪತ್ರದಲ್ಲಿ ಇಲ್ಲದ ಆಸ್ತಿ ಅದು. ಖಾತೆ ಸರ್ಕಾರದ್ದು, ಎಲ್ಕ್ ಜಿಂಕೆಗಳ ಹಿಂಡಿನ ಸುಖ ಸಾಹುಕಾರರದ್ದು!

ಮಾಲೀಕರ ವಾದ ಪೂರಾ ಹುಸಿಯೂ ಅಲ್ಲ. ರಾಜ್ಯದ ಕಾನೂನಿನಂತೆ ಗಾಳಿಯಲ್ಲಿ ಹಾಯುವುದೂ ಅತಿಕ್ರಮವೇ ಎಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಒಪ್ಪಿ, 1885ರ ಫೆಡರಲ್ ಕಾಯ್ದೆಯೊಂದನ್ನು ಅದರ ಮೇಲಿಟ್ಟಿತು. ದನಗಾಹಿ ಧಣಿಗಳು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಸುತ್ತುತ್ತಿದ್ದ ಕಾಲದಲ್ಲಿ, ಸಾರ್ವಜನಿಕ ನೆಲಕ್ಕೆ ಹೋಗುವವರನ್ನು ತಡೆಯಬಾರದೆಂದು ಮಾಡಿದ ಕಾಯ್ದೆ. 2025ರ ಮಾರ್ಚ್‌ನಲ್ಲಿ ಶಿಕಾರಿಯವರ ಪರವಾಗಿ ಆ ತೀರ್ಪು ಬಂತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಗೆದ್ದದ್ದು ಕಾಲುನಡಿಗೆ ಮಾತ್ರ. ಇಂಥದೇ ಹಾಸಿನಲ್ಲಿ ಸರ್ಕಾರ ತಾನೇ ರಸ್ತೆ ಕೇಳಿದಾಗ 1979ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿರಲಿಲ್ಲ. ಆದ್ದರಿಂದ ಜೀಪು ಒಳಗೆ ಹೋಗದು. ಹೊಡೆದ ಎಲ್ಕನ್ನು ಅಲ್ಲೇ ತುಂಡು ಮಾಡಿ ಬೆನ್ನಮೇಲೆ ಹೊತ್ತು ಅದೇ ಮೂಲೆಯಿಂದ ಹೊರಬರಬೇಕು. ಮೇಲ್ಮನವಿ ನ್ಯಾಯಾಲಯದ ತೀರ್ಪು ನಡೆಯುವುದೂ ಕೊಲೊರಾಡೊ, ಯೂಟಾ ಸೇರಿ ಆರು ರಾಜ್ಯಗಳಲ್ಲಷ್ಟೇ. ನೆರೆಯ ಮೊಂಟಾನಾ ಬೇರೆ ನ್ಯಾಯಾಲಯದ ವ್ಯಾಪ್ತಿಗೆ ಸೇರಿದ್ದು. ಅಲ್ಲಿನ ವನ್ಯಜೀವಿ ಇಲಾಖೆ ಮೂಲೆ ದಾಟುವುದು ಈಗಲೂ ಅಕ್ರಮವೆಂದೇ ಹೇಳುತ್ತಿದೆ.